ಏಳು ಅಭ್ಯಾಸ, ಆರೇ ಸಾಲು

ಭಾನುವಾರ ಬೆಳಿಗ್ಗೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ದೊಡ್ಡಣ್ಣ ಒಂದು ಚಿತ್ರವನ್ನು ಕಳಿಸಿದ. ‘ಸಂತಾನಭಾಗ್ಯಕ್ಕೆ ಏಳು ಅಭ್ಯಾಸಗಳು, 21 ದಿನಗಳಲ್ಲಿ ಫಲ ಖಚಿತ, ವೈದ್ಯರ ಅಗತ್ಯವಿಲ್ಲ’ ಎಂಬುದು ಅದರ ತಲೆಬರಹ. ನೆತ್ತಿಯ ಮೇಲೆ, ಹಲವು ಕೈ ದಾಟಿ ಬಂದದ್ದೆಂದು ಸಾರುವ ಜೋಡಿ ಬಾಣ. ಕೆಳಗೆ ಅವನದೇ ಒಂದು ಸಾಲು: ‘ಯಾರಿಗೆಂದು ಹೇಳಬೇಕಿಲ್ಲ.’ ಮದುವೆಯಾಗಿ ಎರಡು ವರ್ಷವಾದ ತಮ್ಮ ಮತ್ತು ಅವನ ಹೆಂಡತಿ ಇಬ್ಬರೂ ಗುಂಪಿನಲ್ಲಿದ್ದಾರೆ. ಮುಂದಿನದನ್ನು ಬಂದ ಕ್ರಮದಲ್ಲೇ ಕೊಡುತ್ತಿದ್ದೇನೆ.

ತಂಗಿ: ಅಣ್ಣಾ, ತಲೆಬರಹದಲ್ಲಿ ಏಳು ಎಂದಿದೆ, ಚಿತ್ರದಲ್ಲಿ ಇರುವುದು ಆರು; ಏಳನೆಯ ಸಾಲು ಅಂಚಿನಲ್ಲಿ ಕತ್ತರಿಸಿಹೋಗಿದೆ. ಓದಿಯೇ ಕಳಿಸಿದೆಯಾ? 21 ದಿನದ ಲೆಕ್ಕಕ್ಕೆ ಆಧಾರವೇನು?

ದೊಡ್ಡಣ್ಣ: ಎಲ್ಲಕ್ಕೂ ಆಧಾರ ಕೇಳುವುದು ನಿನ್ನ ಹಳೆಯ ಚಾಳಿ. ಧೂಮಪಾನ ಬಿಡಿ, ತೂಕ ಇಳಿಸಿ, ಹೊತ್ತಿಗೆ ಸರಿಯಾಗಿ ಮಲಗಿ ಎಂದರೆ ಅದರಲ್ಲಿ ತಪ್ಪೇನು?

ದೊಡ್ಡಪ್ಪ: ತಪ್ಪೇನೂ ಇಲ್ಲ. ನಡುರಾತ್ರಿಯವರೆಗೆ ಮೊಬೈಲ್ ಹಿಡಿದು ಕೂರುವ ಈ ತಲೆಮಾರಿಗೆ ಶಿಸ್ತು ಎಂದರೆ ಕಹಿ. ಹೆಣ್ಣುಮಕ್ಕಳಂತೂ ಇದನ್ನು ಗಮನವಿಟ್ಟು ಓದಬೇಕು.

ತಂಗಿ: ಹೆಣ್ಣುಮಕ್ಕಳೇ ಏಕೆ ದೊಡ್ಡಪ್ಪ? ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ, ಕೆಲವು ಕಡೆ ಅದೊಂದೇ ಇರುತ್ತದೆ. ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಬೇಕು, ಪಕ್ವವಾಗಿ ಹೊರಬರಲು ಇನ್ನೂ ಕೆಲವು ದಿನ. ಆದ್ದರಿಂದ ಇಂದು ಸಿಗರೇಟು ಬಿಟ್ಟವನು ಅದರ ಗುಣವನ್ನು ವರದಿಯಲ್ಲಿ ಕಾಣಬೇಕಾದರೆ ಸುಮಾರು ಮೂರು ತಿಂಗಳು ಕಾಯಬೇಕು. 21ನೆಯ ದಿನ ಪರೀಕ್ಷೆ ಮಾಡಿಸಿ, ಏನೂ ಬದಲಾಗಲಿಲ್ಲವೆಂದು ಮತ್ತೆ ಸೇದಲು ಕುಳಿತರೆ ಹೊಣೆ ಯಾರದು?

ಸೋದರಮಾವ: ನಮ್ಮ ಅಜ್ಜಿಗೆ ಒಂಬತ್ತು ಮಕ್ಕಳು. ರಜೆಯಲ್ಲಿ ಮೊಮ್ಮಕ್ಕಳೆಲ್ಲ ಸಾಲಾಗಿ ಮಲಗುತ್ತಿದ್ದೆವು, ಒಬ್ಬನ ಕಾಲು ಇನ್ನೊಬ್ಬನ ಹೊಟ್ಟೆಯ ಮೇಲೆ. ಆಗ ದಿನ ಎಣಿಸುವವರು ಯಾರಿದ್ದರು?

ತಂಗಿ: ಅಜ್ಜಿಗೆ ಮೊದಲ ಹೆರಿಗೆಯಾದಾಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ ಮಾವ. ಅವರ ಇಬ್ಬರು ತಂಗಿಯರಿಗೆ ಮಕ್ಕಳೇ ಆಗಲಿಲ್ಲ. ಅವರ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ.

(ಮಾವ ಒಂದು ನಗುಮುಖ ಹಾಕಿ ಮರೆಯಾದರು. ಇದು ಅವರ ಹಳೆಯ ಉಪಾಯ.)

ದೊಡ್ಡಣ್ಣ: ತೊಡೆಯ ಮೇಲೆ ಲ್ಯಾಪ್‌ಟಾಪ್ ಇಡಬಾರದು ಎಂದಿದೆಯಲ್ಲ, ಅದಾದರೂ ಸರಿಯೋ ಇಲ್ಲವೋ?

ತಂಗಿ: ಎಚ್ಚರಿಕೆಯಾಗಿ ಸರಿ. ವೃಷಣಗಳು ದೇಹದ ಶಾಖಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ತಣ್ಣಗಿರಬೇಕು. ನೀನು ಈಗ ಅದನ್ನು ಎಲ್ಲಿಟ್ಟುಕೊಂಡು ಬರೆಯುತ್ತಿದ್ದೀಯ? ಅದಿರಲಿ, ಆರನೆಯ ಸಾಲನ್ನು ಯಾರಾದರೂ ಓದಿದಿರಾ? ಗಂಡಸರು ಟೆಸ್ಟೋಸ್ಟೆರಾನ್ ಚುಚ್ಚುಮದ್ದು ಹಾಕಿಸಿಕೊಂಡರೆ ಫಲವತ್ತತೆ ಇಮ್ಮಡಿಸುತ್ತದಂತೆ. ಆಗುವುದು ಅದಕ್ಕೆ ತದ್ವಿರುದ್ಧ. ಹೊರಗಿನಿಂದ ಹಾರ್ಮೋನು ಬಂದರೆ ಮೆದುಳು ‘ಸಾಕಷ್ಟಿದೆ’ ಎಂದುಕೊಂಡು ವೃಷಣಗಳಿಗೆ ಸಂಕೇತ ಕಳಿಸುವುದನ್ನೇ ನಿಲ್ಲಿಸುತ್ತದೆ. ವೀರ್ಯಾಣುಗಳ ಸಂಖ್ಯೆ ಸೊನ್ನೆಗೂ ಇಳಿಯಬಹುದು, ಔಷಧ ಬಿಟ್ಟ ಮೇಲೆ ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕಾಗುತ್ತವೆ. ಐದು ಒಳ್ಳೆಯ ಮಾತುಗಳ ಹಿಂದೆ ಇದೊಂದನ್ನು ಅಡಗಿಸಿಟ್ಟಿದ್ದಾರೆ.

ದೊಡ್ಡಣ್ಣ: ಓದಿದ್ದೆ, ಅಷ್ಟು ಲಕ್ಷ್ಯ ಕೊಡಲಿಲ್ಲ. ಎಲ್ಲರೆದುರು ನನ್ನನ್ನು ಹೀಗೆ ನಿಲ್ಲಿಸುವುದು ನಿನಗೆ ಇದೇ ಮೊದಲಲ್ಲ.

ಅತ್ತಿಗೆ: ನನಗೆ ಚುಚ್ಚುವುದು ‘ವೈದ್ಯರ ಅಗತ್ಯವಿಲ್ಲ’ ಎಂಬ ಮಾತು. ಮದುವೆಯಾದ ಮೇಲೆ ನಾಲ್ಕು ವರ್ಷ ಪರೀಕ್ಷೆಗಳೆಲ್ಲ ನನಗೊಬ್ಬಳಿಗೇ ಆದವು. ಗರ್ಭನಾಳಗಳಲ್ಲಿ ತಡೆಯಿದೆಯೇ ಎಂದು ನೋಡಲು ದ್ರಾವಣ ಬಿಟ್ಟು ಎಕ್ಸ್‌ರೇ ತೆಗೆದ ದಿನ ನಾನು ಮೇಜಿನ ಅಂಚನ್ನು ಕಚ್ಚಿ ಹಿಡಿದು ಮಲಗಿದ್ದರೆ, ಇವರು ಹೊರಗೆ ಸಿಗರೇಟು ಸೇದುತ್ತಿದ್ದರು. ಇವರ ಪರೀಕ್ಷೆಗೆ ಒಂದು ಡಬ್ಬಿ, ಒಂದು ಬೆಳಿಗ್ಗೆ ಸಾಕಿತ್ತು. ಮಾಡಿಸಿಕೋ ಎನ್ನುವ ಧೈರ್ಯ ಈ ಮನೆಯಲ್ಲಿ ಯಾರಿಗೂ ಬರಲಿಲ್ಲ. ಐದನೆಯ ವರ್ಷ ಬಂದ ವರದಿಯಲ್ಲಿ ಏನಿತ್ತೆಂದು ದೊಡ್ಡಪ್ಪನವರಿಗೆ ಗೊತ್ತಿದೆ.

ದೊಡ್ಡಪ್ಪ: ನಾಲ್ಕು ಗೋಡೆಗಳ ಒಳಗಿನ ಮಾತು ಗುಂಪಿಗೆ ಬೇಡ.

ಅತ್ತಿಗೆ: ತಮ್ಮನದು ಯಾವ ಗೋಡೆಯ ಹೊರಗಿನದು?

ನಾನು: ವಿಷಯಕ್ಕೆ ಬರೋಣ. ಒಳ್ಳೆಯ ಅಭ್ಯಾಸಗಳಿಂದ ಲಾಭವಿದೆ, ಆದರೆ ಮುಚ್ಚಿದ ಗರ್ಭನಾಳವನ್ನು ನಿದ್ದೆಯಾಗಲಿ ನಡಿಗೆಯಾಗಲಿ ತೆರೆಯಲಾರದು. ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ, ಇಬ್ಬರೂ ಒಟ್ಟಿಗೆ ವೈದ್ಯರನ್ನು ಕಾಣಬೇಕು.

ಸಂಜೆಯವರೆಗೆ ಗುಂಪು ಮೌನವಾಗಿತ್ತು.

ತಮ್ಮ: ನಾವಿಬ್ಬರೂ ಪರೀಕ್ಷೆ ಮಾಡಿಸಿಕೊಂಡು ಬಹಳ ದಿನಗಳಾದವು. ನಾನು ಸಿಗರೇಟು ಬಿಟ್ಟು ಇಂದಿಗೆ 51 ದಿನ. ಮುಂದಿನ ವರದಿಯನ್ನು ಗುಂಪಿಗೆ ಹಾಕುವುದಿಲ್ಲ, ದಯವಿಟ್ಟು ಯಾರೂ ಕೇಳಬೇಡಿ.

ಎರಡೇ ನಿಮಿಷದಲ್ಲಿ ಬೆಳಗಿನ ಚಿತ್ರವಿದ್ದ ಜಾಗದಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಬೂದುಬಣ್ಣದ ಸಾಲು ಕಾಣಿಸಿತು.

ದೊಡ್ಡಪ್ಪ: ಏಕೆ ಅಳಿಸಿದೆ? ಕನ್ನಡಕ ಸಿಕ್ಕ ಮೇಲೆ ಓದೋಣವೆಂದು ಇಟ್ಟುಕೊಂಡಿದ್ದೆ.