ಪದ ಬೇಕು (ತುರ್ತು): ‘ಹೆಡ್ ಕೋಚ್’ ಮತ್ತು ಅದರ ಸುತ್ತಲಿನ ಗುಲ್ಲು

ಹ್ಯೂಸ್ಟನ್‌ನಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ಪುಟಗಳು ಅಚ್ಚಿಗೆ ಹೋಗಬೇಕು, ಅದಕ್ಕೇ ಈ ಅವಸರ.

ನಮ್ಮ ಸಂಘದ ಯುಗಾದಿ ಸಂಚಿಕೆಗೆ ಮಗ ಇಂಗ್ಲಿಷಿನಲ್ಲಿ ಒಂದು ಬರಹ ಕೊಟ್ಟಿದ್ದಾನೆ. ಕನ್ನಡ ಮಾಡುವ ಕೆಲಸ ನನ್ನ ತಲೆಗೆ ಬಂತು. ಅವನು ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಓದಿದವನು. 2023ರ ನವೆಂಬರ್ 12ರಂದು ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡದ ಹೆಡ್ ಕೋಚ್ ಜಿಂಬೊ ಫಿಶರ್ ಅವರನ್ನು ತೆಗೆದುಹಾಕಿದರು. ಹಿಂದಿನ ದಿನವಷ್ಟೇ ತಂಡ 51-10ರಿಂದ ಗೆದ್ದಿತ್ತು! ಮುಂದಿನವರು ಯಾರು ಅಂತ ಎರಡು ವಾರ ಇವರ ಹಾಸ್ಟೆಲಿನಲ್ಲಿ ಯಾರೂ ಪುಸ್ತಕ ಮುಟ್ಟಲಿಲ್ಲವಂತೆ. ಹೊಸ ಕೋಚ್‌ನ ಸುಳಿವಿಗಾಗಿ ಯಾವ ಖಾಸಗಿ ವಿಮಾನ ಯಾವ ಊರಿಗೆ ಹಾರಿತು ಅಂತ ಫೋನಿನಲ್ಲಿ ನೋಡುತ್ತಾ ಕೂತಿದ್ದರಂತೆ. ಬರಹ ಇದರ ಬಗ್ಗೆಯೇ.

‘ಕಾಲ್ಚೆಂಡು’ ಬರೆಯಿರಿ ಅಂತ ದಯವಿಟ್ಟು ಹೇಳಬೇಡಿ. ಈ ಆಟದಲ್ಲಿ ಚೆಂಡು ಜಾಸ್ತಿ ಹೊತ್ತು ಕೈಯಲ್ಲೇ ಇರುತ್ತದೆ. ‘ಕಾಲೇಜು ತಂಡ’ ಅಂದರೆ ನಮ್ಮ ಅಂತರ ಕಾಲೇಜು ಪಂದ್ಯಾಟವೂ ಅಲ್ಲ. ಇವರ ಕೈಲ್ ಫೀಲ್ಡ್ ಮೈದಾನದಲ್ಲಿ 1,02,733 ಜನ ಕೂರಬಹುದು. ಕೂರುವುದು ಅನ್ನುವುದು ಮಾತಿಗೆ, ವಿದ್ಯಾರ್ಥಿಗಳು ಪಂದ್ಯ ಮುಗಿಯುವವರೆಗೂ ನಿಂತೇ ಇರುತ್ತಾರೆ.

ಸಿಕ್ಕಿಕೊಂಡಿರುವುದು ತಲೆಬರಹದಲ್ಲಿ. ಈ ವಿಶ್ವವಿದ್ಯಾಲಯ ಇರುವ ಊರಿನ ಹೆಸರೇ ಕಾಲೇಜ್ ಸ್ಟೇಷನ್. ‘ಕಾಲೇಜ್ ಸ್ಟೇಷನ್‌ನಲ್ಲಿ ಕೋಚ್ ಬದಲಾವಣೆ’ ಅಂತ ಬರೆದೆ. ನಮ್ಮ ಅತ್ತೆ ಓದಿ, ‘ಯಾವ ರೈಲಮ್ಮಾ?’ ಅಂದರು.

ಹೆಡ್ ಕೋಚ್‌ಗೆ ಒಂದು ಪದ ಕೊಡಿ. ಹಾಗೆಯೇ ಈ ಊಹೆ, ಗುಸುಗುಸು ಎಲ್ಲಕ್ಕೂ ಸೇರಿ ಒಂದು ಪದ. ಬರಹದ ಒಳಗೆ ‘ಹಾಟ್ ಸೀಟ್’, ‘ಇಂಟೆರಿಮ್’, ‘ಬೈಔಟ್’ ಕೂಡ ಇವೆ.

ಧಾರವಾಡದಿಂದ:

ಕಲಿಸುಗ. ಓದುಗ, ಕೇಳುಗ, ನೋಡುಗ ಇದ್ದ ಹಾಗೆ. ಹೆಡ್ ಬೇಕಾದರೆ ‘ಹಿರಿಗಲಿಸುಗ’.

‘ತರಬೇತುದಾರ’ ಅಂತ ಯಾರಾದರೂ ಹೇಳುವ ಮುನ್ನ ಒಂದು ಮಾತು. ‘ತರಬೇತು’ ಅರಬ್ಬಿಯ ತರ್ಬಿಯತ್. ‘ದಾರ’ ಪಾರಸಿ. ಎರಡು ಸಾಲ ಸೇರಿದರೆ ಒಂದು ಆಸ್ತಿ ಆಗುವುದಿಲ್ಲ.

ಮೈಸೂರಿನಿಂದ:

ಹಿರಿಗಲಿಸುಗ! ಒಂದೇ ಉಸಿರಿಗೆ ಹೇಳಲಿಕ್ಕೆ ಬರುತ್ತಾ ನೋಡಿ ಸರ್.

ಮೇಡಂ, ನಮ್ಮ ಗರಡಿಮನೆಗಳಲ್ಲಿ ಪೈಲ್ವಾನರನ್ನು ತಯಾರು ಮಾಡುವವರಿಗೆ ‘ಉಸ್ತಾದ್’ ಅನ್ನುತ್ತೇವೆ. ತಾಲೀಮು ಮಾಡಿಸುವುದು, ಯಾರ ಜೊತೆ ಯಾರು ಹಿಡಿಯಬೇಕು ಅಂತ ಹೇಳುವುದು, ಸೋತರೆ ಬೈಸಿಕೊಳ್ಳುವುದು, ಎಲ್ಲಾ ಉಸ್ತಾದರ ಪಾಲಿಗೆ. ಕೋಚ್ ಮಾಡುವುದೂ ಅದೇ ಅಲ್ವಾ? ‘ಹೊಸ ಉಸ್ತಾದ್ ಯಾರು?’ ಅಂತ ಹಾಕಿ.

ಬೆಂಗಳೂರಿನಿಂದ:

ಇಪ್ಪತ್ತು ವರ್ಷ ಪತ್ರಿಕೆಯ ಕ್ರೀಡಾಪುಟದಲ್ಲಿ ಕೂತವನು ನಾನು. ‘ಉಸ್ತಾದ್’ ಅಂದರೆ ಓದುಗ ಕುಸ್ತಿ ಅಂದುಕೊಳ್ಳುತ್ತಾನೆ, ಇಲ್ಲವೇ ಸಿತಾರ್.

‘ಮುಖ್ಯ ಕೋಚ್’ ಬರೆಯಿರಿ, ಮುಗಿಯಿತು. ನಿಮ್ಮ ಮಗ ಹೇಳುವ ಅದೇ ನವೆಂಬರಿನಲ್ಲಿ ನಮ್ಮಲ್ಲೂ ಇದೇ ಕತೆ ನಡೆದಿತ್ತು. ವಿಶ್ವಕಪ್ ಫೈನಲ್ 19ಕ್ಕೆ ಮುಗಿಯಿತು, ದ್ರಾವಿಡ್ ಅವರ ಅವಧಿಯೂ ಮುಗಿದಿತ್ತು. ಮುಂದುವರಿಯುತ್ತಾರಾ, ಬಿಡುತ್ತಾರಾ ಅಂತ ಹತ್ತು ದಿನ ಬರೆದೆವು. 29ಕ್ಕೆ ಬಿಸಿಸಿಐ ಅವಧಿ ವಿಸ್ತರಿಸಿತು. ಅಷ್ಟೂ ದಿನ ‘ಮುಖ್ಯ ಕೋಚ್’ ಬರೆದೆವು, ಒಬ್ಬ ಓದುಗನೂ ಅರ್ಥವಾಗಲಿಲ್ಲ ಅಂತ ಕಾಗದ ಬರೆಯಲಿಲ್ಲ. ‘ಮುಖ್ಯ’ ಮಾತ್ರ ಬಿಡಬೇಡಿ. ಅಮೆರಿಕದ ಈ ಆಟದಲ್ಲಿ ಆಗ ಒಂದೊಂದು ತಂಡಕ್ಕೆ ಹತ್ತು ಸಹಾಯಕ ಕೋಚ್‌ಗಳಿದ್ದರು. ಬರೀ ‘ಕೋಚ್’ ಅಂದರೆ ಯಾರು ಅಂತ ಗೊತ್ತಾಗುವುದಿಲ್ಲ.

‘ಇಂಟೆರಿಮ್’ಗೆ ‘ಹಂಗಾಮಿ’. ಹಂಗಾಮಿ ಮುಖ್ಯಮಂತ್ರಿಗಳನ್ನು ಕಂಡ ನಾಡು ನಮ್ಮದು, ವಿವರಿಸಬೇಕಿಲ್ಲ. ‘ಹಾಟ್ ಸೀಟ್’ಗೆ ‘ಕುರ್ಚಿ ಅಲುಗಾಡುತ್ತಿದೆ’. ಇಂಗ್ಲಿಷನ್ನು ಹಾಗೇ ಇಟ್ಟರೆ ನಮ್ಮವರು ಟಿವಿಯಲ್ಲಿ ಕೋಟಿ ಗೆಲ್ಲುವ ಕುರ್ಚಿ ಅಂದುಕೊಳ್ಳುತ್ತಾರೆ.

ಹ್ಯೂಸ್ಟನ್‌ನಿಂದ:

ಕೋಟಿ ಅಂದಿರಲ್ಲ ಸರ್, ಈ ಕುರ್ಚಿಯಲ್ಲೂ ಕೋಟಿಯೇ! ಕರಾರು 2031ರವರೆಗೆ ಇತ್ತು, ನಡುವೆ ತೆಗೆದಿದ್ದಕ್ಕೆ ಫಿಶರ್ ಅವರಿಗೆ ಸುಮಾರು 7.6 ಕೋಟಿ ಡಾಲರ್ ಕೊಡಬೇಕಾಯಿತು. ಮೊದಲ 60 ದಿನದಲ್ಲಿ 1.92 ಕೋಟಿ, ಆಮೇಲೆ ವರ್ಷವರ್ಷ 72 ಲಕ್ಷ. ಅವರು ಬೇರೆ ಕಡೆ ಕೆಲಸಕ್ಕೆ ಸೇರಿದರೂ ಇದರಲ್ಲಿ ಒಂದು ಡಾಲರ್ ಕಡಿಮೆ ಆಗುವುದಿಲ್ಲ. ಇದೇ ‘ಬೈಔಟ್’. ಇದಕ್ಕೆ ಪದ? ನಾನು ‘ಪರಿಹಾರ’ ಅಂತ ಬರೆದಿದ್ದೆ.

ಬೆಂಗಳೂರಿನಿಂದ:

ಪರಿಹಾರ ಬೇಡ. ಪರಿಹಾರ ನೆರೆ ಬಂದಾಗ ಕೊಡುವುದು. ‘ದಂಡ’ವೂ ಬೇಡ, ತಪ್ಪು ಮಾಡಿದವರು ಯಾರು ಅನ್ನುವ ಪ್ರಶ್ನೆ ಬರುತ್ತದೆ. ‘ಕರಾರಿನ ಬಾಕಿ’ ಅನ್ನಿ. ಕೆಲಸ ಬಿಡಿಸಿ ಕೂರಿಸಿ ಸಂಬಳ ಕೊಡುವುದಕ್ಕೆ ನಮ್ಮಲ್ಲಿ ಪದವಿಲ್ಲ. ಯಾರಾದರೂ ಕೊಟ್ಟಿದ್ದರೆ ಪದ ಹುಟ್ಟುತ್ತಿತ್ತು.

ಧಾರವಾಡದಿಂದ:

> ಹಂಗಾಮಿ... ಕುರ್ಚಿ... ಕರಾರಿನ ಬಾಕಿ

ನಾಲ್ಕು ಪದ, ನಾಲ್ಕೂ ಎರವಲು. ಹಂಗಾಮು ಪಾರಸಿ. ಕುರ್ಚಿ, ಕರಾರು, ಬಾಕಿ ಮೂರೂ ಅರಬ್ಬಿ. ಇಪ್ಪತ್ತು ವರ್ಷ ಪತ್ರಿಕೆ ಇದನ್ನೇ ಮಾಡಿತು.

ಇನ್ನು ‘ಕೋಚ್’. ಇದು ಇಂಗ್ಲಿಷಿನದ್ದೂ ಅಲ್ಲ. ಹಂಗೇರಿಯಲ್ಲಿ ಕೋಚ್ ಅಂತ ಒಂದು ಹಳ್ಳಿ. ಅಲ್ಲಿ ಮಾಡುತ್ತಿದ್ದ ಬಂಡಿಗೆ ಊರಿನ ಹೆಸರೇ ಬಂತು. ಸುಮಾರು 1830ರ ಹೊತ್ತಿಗೆ ಆಕ್ಸ್‌ಫರ್ಡ್ ಹುಡುಗರು ತಮ್ಮನ್ನು ಪರೀಕ್ಷೆ ದಾಟಿಸುವ ಮೇಷ್ಟ್ರಿಗೆ ತಮಾಷೆಯಾಗಿ ‘ಬಂಡಿ’ ಅಂದರು. ಆಮೇಲೆ ಅದು ಆಟದ ಮೈದಾನಕ್ಕೆ ಬಂತು. ಹಾಗಾಗಿ ಮೇಡಂ ಅವರ ಅತ್ತೆ ‘ಯಾವ ರೈಲು’ ಅಂದದ್ದೇ ಸರಿಯಾದ ಓದು. ಈ ಗುಂಪಿನಲ್ಲಿ ಅವರೊಬ್ಬರಿಗೇ ಬೇರು ಗೊತ್ತಿದೆ.

ಮೈಸೂರಿನಿಂದ:

ಬಂಡಿ ಅಂದಮೇಲೆ ‘ಸಾರಥಿ’ ಹಾಕಬಹುದಲ್ಲ? ತಾನು ಬಿಲ್ಲು ಹಿಡಿಯದೆ ಗೆಲ್ಲಿಸಿದವನು ಕೃಷ್ಣ.

ಬೆಂಗಳೂರಿನಿಂದ:

ಆಗದು. ‘ತಂಡದ ಸಾರಥ್ಯ’ ಅಂತ ನಾಯಕನಿಗೆ ಬರೆದು ಬರೆದು ಸವೆಸಿದ್ದೇವೆ. ಈಗ ಕೋಚ್‌ಗೂ ಕೊಟ್ಟರೆ ರಥದಲ್ಲಿ ಇಬ್ಬರಾಗುತ್ತಾರೆ.

ಧಾರವಾಡದ ಸರ್‌ಗೆ ಒಂದು ಪ್ರಶ್ನೆ. ನಿಮ್ಮ ಮಾತಿನಂತೆ ಎರವಲು ಎಲ್ಲಾ ತೆಗೆದರೆ ಓಲೆಯಲ್ಲಿ ಉಳಿಯುವುದು ನಿಮ್ಮ ಸಹಿ ಮಾತ್ರ. ‘ಸಹಿ’ಯೂ ಅರಬ್ಬಿಯೇ. ಏನು ಮಾಡೋಣ?

ಧಾರವಾಡದಿಂದ:

ಅದಕ್ಕೇ ನಾನು ಹಾಕುವುದಿಲ್ಲ. ನೋಡಿಕೊಳ್ಳಿ.

ಪುತ್ತೂರಿನಿಂದ:

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಮೇಡಂ ಕೇಳಿದ್ದರಲ್ಲಿ ಅರ್ಧಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಗುಸುಗುಸುವಿಗೆ ಪದ ಬೇಕು ಅಂದಿದ್ದಾರೆ.

ಈ ಕೋಚ್ ಹುಡುಕಾಟ ನಮ್ಮ ಕಡೆಯವರಿಗೆ ಹೊಸದಲ್ಲ. ಪತ್ತನಾಜೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ, ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಅಲ್ಲಿಂದ ಶುರು. ಹಾಡಿ ಆಟ ನಡೆಸುವ ಇಂಥ ಭಾಗವತರು ಆ ಮೇಳ ಬಿಡುತ್ತಾರಂತೆ, ಈ ಮೇಳ ಸೇರುತ್ತಾರಂತೆ, ಯಜಮಾನರ ಜೊತೆ ಮಾತಾಗಿದೆಯಂತೆ. ಮಳೆಗಾಲ ಪೂರ್ತಿ ಹೋಟೆಲುಗಳಲ್ಲಿ ಚಹದ ಜೊತೆ ಇದೇ ಮಾತು. ಹೊಸ ತಿರುಗಾಟ ಶುರುವಾಗುವ ಹೊತ್ತಿಗೆ ಅರ್ಧ ಸುಳ್ಳಾಗಿರುತ್ತದೆ, ಯಾರಿಗೂ ಬೇಜಾರಿಲ್ಲ. ಅಲ್ಲಿ ಹುಡುಗರು ವಿಮಾನ ನೋಡಿದರು, ಇಲ್ಲಿ ನಾವು ಭಾಗವತರ ಸ್ಕೂಟರ್ ಯಾರ ಮನೆ ಮುಂದೆ ನಿಂತಿತ್ತು ಅಂತ ನೋಡುತ್ತೇವೆ.

ಪತ್ರಿಕೆಯವರು ‘ಊಹಾಪೋಹ’ ಅನ್ನುತ್ತಾರೆ. ಪಾಪ, ಅದು ತರ್ಕದ ಮರ್ಯಾದಸ್ಥ ಪದ. ಊಹ ಅಂದರೆ ಒಂದನ್ನು ಇಟ್ಟುಕೊಳ್ಳುವುದು, ಅಪೋಹ ಅಂದರೆ ಒಂದನ್ನು ತಳ್ಳಿಹಾಕುವುದು. ಗುಸುಗುಸುವಿನಲ್ಲಿ ಯಾರೂ ಯಾವುದನ್ನೂ ತಳ್ಳಿಹಾಕುವುದಿಲ್ಲವಲ್ಲ! ನನ್ನ ಓಟು ‘ಅಂತೆಕಂತೆ’ಗೆ. ಮೇಡಂ, ನಿಮ್ಮ ಮೊದಲ ಓಲೆ ಇನ್ನೊಮ್ಮೆ ಓದಿ. ‘ಮುಟ್ಟಲಿಲ್ಲವಂತೆ’, ‘ಕೂತಿದ್ದರಂತೆ’ ಅಂತ ನೀವೇ ಬರೆದಿದ್ದೀರಿ. ಇಂಗ್ಲಿಷಿನವರು ‘ಮೂಲಗಳ ಪ್ರಕಾರ’, ‘ತಿಳಿದುಬಂದಂತೆ’ ಅಂತ ಉದ್ದ ಮಾಡುವುದನ್ನು ನಮ್ಮ ಕ್ರಿಯಾಪದ ಬಾಲದಲ್ಲೇ ಕಟ್ಟಿಕೊಂಡು ಬರುತ್ತದೆ.

ಹ್ಯೂಸ್ಟನ್‌ನಿಂದ:

ಅಯ್ಯೋ, ಹೌದಲ್ಲ!

ಬರಹದಲ್ಲಿ ಒಂದು ರಾತ್ರಿಯ ಕತೆ ಬರುತ್ತದೆ. ನವೆಂಬರ್ 25, ಶನಿವಾರ. ಕೆಂಟಕಿ ವಿಶ್ವವಿದ್ಯಾಲಯದ ಕೋಚ್ ಮಾರ್ಕ್ ಸ್ಟೂಪ್ಸ್ ಬರುತ್ತಾರೆ ಅಂತ ಸುದ್ದಿ ಹಬ್ಬಿತು. ಅಭಿಮಾನಿಗಳು ಬೇಡವೇ ಬೇಡ ಅಂತ ರಾತ್ರಿ ಇಡೀ ಗಲಾಟೆ ಎಬ್ಬಿಸಿದರು. ಬೆಳಗಾಗುವುದರೊಳಗೆ ಸ್ಟೂಪ್ಸ್ ತಾವು ಕೆಂಟಕಿಯಲ್ಲೇ ಇರುವುದಾಗಿ ಹೇಳಿಬಿಟ್ಟರು. ಕೊನೆಗೆ ಬಂದದ್ದು ಡ್ಯೂಕ್ ವಿಶ್ವವಿದ್ಯಾಲಯದ ಕೋಚ್ ಮೈಕ್ ಎಲ್ಕೊ, ಹಿಂದೆ ಫಿಶರ್ ಕೈಕೆಳಗೆ ನಾಲ್ಕು ವರ್ಷ ಇಲ್ಲೇ ಇದ್ದವರು.

ಇದನ್ನು ನಾನು ‘ಎಂದು ವರದಿಯಾಗಿತ್ತು’, ‘ಎಂದು ಹೇಳಲಾಗುತ್ತಿತ್ತು’ ಅಂತ ಒಂದೂವರೆ ಪುಟ ಎಳೆದಿದ್ದೆ. ಈಗ ಹೀಗೆ ಮಾಡಿದೆ: ‘ಸ್ಟೂಪ್ಸ್ ಬರ್ತಾರಂತೆ. ಒಪ್ಪಿಯೂ ಆಗಿದೆಯಂತೆ. ಇಲ್ಲವಂತೆ. ಬರೋದೇ ಇಲ್ಲವಂತೆ.’ ನಾಲ್ಕು ಸಾಲು. ಮಗನಿಗೆ ಓದಿ ಹೇಳಿದೆ, ‘ಅಮ್ಮಾ, ಆವತ್ತು ರಾತ್ರಿ ಹೀಗೇ ಇತ್ತು’ ಅಂದ.

ತಲೆಬರಹ: ‘ಮುಂದಿನ ಮುಖ್ಯ ಕೋಚ್ ಯಾರಂತೆ?’ ಅತ್ತೆಗೂ ತೋರಿಸಿದೆ. ‘ಯಾರಂತೆ?’ ಅಂತ ನನ್ನನ್ನೇ ಕೇಳಿದರು. ರೈಲು ಕೇಳಲಿಲ್ಲ. ಫಿಶರ್ ಹೋದಮೇಲೆ ತಂಡ ನೋಡಿಕೊಂಡ ಎಲೈಜಾ ರಾಬಿನ್‌ಸನ್ ಬರಹದಲ್ಲಿ ‘ಹಂಗಾಮಿ ಕೋಚ್’ ಆದರು. ಕುರ್ಚಿ, ಕರಾರಿನ ಬಾಕಿ ಎರಡೂ ಉಳಿದವು. ಧಾರವಾಡದ ಸರ್, ಕ್ಷಮಿಸಿ. ‘ಕಲಿಸುಗ’ವನ್ನು ಸಹಾಯಕ ಕೋಚ್‌ಗಳಿಗೆ ಒಂದು ಕಡೆ ಬಳಸಿದ್ದೇನೆ.

ಪುಟ ಕಳಿಸುತ್ತಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್.

ಧಾರವಾಡದಿಂದ:

ಸಹಾಯಕರಿಗೆ ಕನ್ನಡ, ಯಜಮಾನನಿಗೆ ಇಂಗ್ಲಿಷ್. ವಿಧಾನಸೌಧದಲ್ಲಿಯೂ ಹೀಗೇ.

ಮೈಸೂರಿನಿಂದ:

‘ಕಲಿಸುಗ’ಕ್ಕಿಂತ ‘ತರಬೇತುಗಾರ’ ವಾಸಿ ಅಲ್ವಾ? ‘ಗಾರ’ ಆದರೂ ನಮ್ಮದು. ಮಾತುಗಾರ, ಹಾಡುಗಾರ, ಬಳೆಗಾರ.

ಧಾರವಾಡದಿಂದ:

‘ಗಾರ’ ಸಂಸ್ಕೃತದ ‘ಕಾರ’. ಕುಂಬಾರ ಯಾರು? ಕುಂಭಕಾರ.

ಬೆಂಗಳೂರಿನಿಂದ:

ಪಾರಸಿಯಲ್ಲೂ ‘ಗಾರ್’ ಇದೆ. ನಿಮ್ಮ ‘ಗಾರ’ ಯಾವ ದಾರಿಯಲ್ಲಿ ಬಂತು ಅಂತ ಹೇಗೆ ಗೊತ್ತು?

ಪುತ್ತೂರಿನಿಂದ:

ಅದಕ್ಕೆ ಬೇರೆ ಓಲೆ ಶುರು ಮಾಡಿ. ಮೇಡಂ ಮಲಗಿರುತ್ತಾರೆ, ಫೋನು ಟಿಂಗ್ ಟಿಂಗ್ ಅನ್ನುತ್ತಿರುತ್ತದೆ.