ಮನೆಯ ಮರಗೆಲಸಕ್ಕೆ ಉಪಕರಣ ಕೊಳ್ಳಬೇಕಿದೆ, ಅನುಭವವುಳ್ಳವರು ದಯವಿಟ್ಟು ತಿಳಿಸಿ

ದಾವಣಗೆರೆಯಿಂದ (ಪ್ರಶ್ನೆ ಕೇಳಿದವರು):
ಎಲ್ಲರಿಗೂ ನಮಸ್ಕಾರ. ನಮ್ಮ ಹಳೆಯ ಮನೆಯನ್ನು ಇಳಿಸಿದಾಗ ಉಳಿದ ತೇಗದ ಬಾಗಿಲುವಾಡಗಳೂ ಹಲಗೆಗಳೂ ಹಿತ್ತಿಲಿನ ಶೆಡ್ಡಿನಲ್ಲಿವೆ. ಅವುಗಳಿಂದ ಮೊಮ್ಮಗುವಿಗೆ ಒಂದು ತೊಟ್ಟಿಲನ್ನೂ ಆಮೇಲೆ ಒಂದು ಪುಸ್ತಕದ ಕಪಾಟನ್ನೂ ನಾನೇ ಮಾಡಬೇಕೆಂದಿದ್ದೇನೆ. ಪರಿಚಿತ ಬಡಗಿಯೊಬ್ಬರ ಬಳಿ ಕುಳಿತು ಕೈಕೆಲಸ ಕಲಿತಿದ್ದೇನೆ. ಅವರ ಉಳಿ ನನ್ನ ಕೈಗೆ ಬಂದಾಗ ಮರ ತಾನಾಗಿ ದಾರಿ ಬಿಡುತ್ತದೆ, ನನ್ನ ಉಳಿಯಿಂದ ಅದೇ ಕೆಲಸಕ್ಕೆ ಮೊಣಕೈ ನೋಯುತ್ತದೆ. 40,000 ರೂಪಾಯಿ ತೆಗೆದಿರಿಸಿದ್ದೇನೆ. ಕೆಲವೇ ಕೆಲವು ಉತ್ತಮ ಕೈ ಉಪಕರಣಗಳನ್ನು ಕೊಳ್ಳಲೇ, ಅಥವಾ ಸಾಧಾರಣ ದರ್ಜೆಯ ಪೂರ್ತಿ ಸೆಟ್ಟಿನ ಜೊತೆಗೆ ಒಂದು ಯಂತ್ರವನ್ನೂ ಕೊಳ್ಳಲೇ?

ಸಾಗರದಿಂದ:
ಅಗ್ಗದ ಹತ್ತರಿ (ಮರ ಹೆರೆದು ನಯಮಾಡುವ ಉಪಕರಣ) ಎಂಬುದು ಇಲ್ಲವೇ ಇಲ್ಲ. ಅದರ ಬೆಲೆಯನ್ನು ಅಂಗಡಿಯಲ್ಲಿ ಸ್ವಲ್ಪ, ಮನೆಯಲ್ಲಿ ಉಳಿದದ್ದು ಎಂದು ಕಂತಿನಲ್ಲಿ ಕೊಡುತ್ತೇವೆ, ಅಷ್ಟೇ. ನನ್ನ ಲೆಕ್ಕವನ್ನೇ ಕೇಳಿ. ಒಂಬತ್ತೂವರೆ ಇಂಚಿನ ಹತ್ತರಿಗೆ ಅಂಗಡಿಯಲ್ಲಿ ಕೊಟ್ಟದ್ದು 1,650 ರೂಪಾಯಿ. ಮನೆಗೆ ತಂದು ಸ್ಕೇಲು ಇಟ್ಟು ನೋಡಿದರೆ ತಳದಲ್ಲಿ, ಅಲಗು ಹೊರಚಾಚುವ ಬಾಯಿಯ ಹಿಂದೆ, ಬೆಳಕು ತೂರುವಷ್ಟು ತಗ್ಗು. ಅದನ್ನು ಉಜ್ಜಿ ಸಮ ಮಾಡಲು 12 ಮಿಲಿಮೀಟರ್ ದಪ್ಪದ ಗಾಜಿನ ತುಂಡಿಗೆ 650, ಎಂಬತ್ತರಿಂದ ಇನ್ನೂರಿಪ್ಪತ್ತನೇ ನಂಬರಿನವರೆಗಿನ ಎಮರಿ ಕಾಗದಕ್ಕೆ 1,400. ಅಲಗು ಕೂರುವ ಓರೆ ಪೀಠವೇ ತಿರುಚಿಕೊಂಡಿದ್ದರಿಂದ ಅದನ್ನು ವರ್ಕ್‌ಶಾಪಿನಲ್ಲಿ ಅರ ಹಾಕಿಸಲು 500. ಇಷ್ಟಾದ ಮೇಲೂ ಅಲಗು ಮೆತ್ತಗಿದ್ದು, ತೇಗದ ಒಂದು ಹಲಗೆ ಮುಗಿಯುವುದರೊಳಗೆ ಮೊಂಡಾಗುತ್ತಿತ್ತು. ಬೇರೆ ಅಲಗಿಗೆ 3,200 ಹೋಯಿತು. ಒಟ್ಟು 7,400 ರೂಪಾಯಿ, ಮತ್ತು ಆ ಹತ್ತರಿ ಇಂದಿಗೂ ಅಟ್ಟದ ಮೇಲಿದೆ.

ಕೊನೆಗೆ ಕೆನಡಾದ ವೆರಿಟಾಸ್ ಹತ್ತರಿಯನ್ನು ತರಿಸಿದೆ. ಬೆಲೆ 20,400, ಸಾಗಣೆ 4,300, ಸುಂಕ ಮತ್ತು ತೆರಿಗೆ 10,300. ಸುಂಕವನ್ನು ವಸ್ತುವಿನ ಬೆಲೆಯ ಮೇಲೆ ಮಾತ್ರವಲ್ಲ, ಸಾಗಣೆಯ ಖರ್ಚನ್ನೂ ಸೇರಿಸಿಕೊಂಡು ಹಾಕುತ್ತಾರೆ ಎಂಬುದನ್ನು ತರಿಸುವವರು ಮೊದಲೇ ತಿಳಿದಿರಲಿ. 35,000 ರೂಪಾಯಿಯ ಹತ್ತರಿ ಎಂದು ಮನೆಯಲ್ಲಿ ಇಂದಿಗೂ ಮಾತು ಕೇಳುತ್ತೇನೆ. ಆದರೆ ನಾರು ಒಮ್ಮೆ ಆಚೆಗೆ ಒಮ್ಮೆ ಈಚೆಗೆ ಹೊರಳುವ ಹೊನ್ನೆಯ ಹಲಗೆಯ ಮೇಲೆ, ಅಲಗಿನ ಮೇಲೆ ಕೂರುವ ಲೋಹದ ಪಟ್ಟಿಯಾದ ಕ್ಯಾಪನ್ನು ಅಲಗಿನ ಅಂಚಿಗೆ ಕೂದಲೆಳೆಯಷ್ಟು ಹತ್ತಿರ ತಂದು ತಳ್ಳಿದಾಗ, ಎದುರುನಾರಿನ ಜಾಗದಲ್ಲೂ ಮರ ಕಿತ್ತು ಬರಲಿಲ್ಲ. ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸುರುಳಿ ಬಾಯಿಯಿಂದ ಮೇಲೆದ್ದು ನನ್ನ ಮುಂಗೈ ಮೇಲೆ ಬಿತ್ತು. ಮರಳು ಕಾಗದ ತಾಗಿಸದೆಯೇ ಹಲಗೆ ಹೊಳೆಯುತ್ತಿತ್ತು. ಆ ಸುಖಕ್ಕೆ ನಾನು ಕೊಟ್ಟ ಬೆಲೆ ನ್ಯಾಯವಾದದ್ದು.

ಮೈಸೂರಿನಿಂದ:
ಸಾಗರದವರ ಉತ್ತರ ಓದಿ ಮನಸ್ಸಿಗೆ ನೋವಾಯಿತು. ಕೆನಡಾದಿಂದ ತರಿಸಿದರೆ ಮಾತ್ರ ಮರ ಹೊಳೆಯುತ್ತದೆ ಎನ್ನುವುದಾದರೆ, ಬೀಟೆಮರದ ಕೆತ್ತನೆಯಿಂದ ಈ ಊರಿಗೆ ಹೆಸರು ತಂದವರು ಯಾವ ಅಂಗಡಿಯಲ್ಲಿ ಉಳಿ ಕೊಂಡಿದ್ದರು? ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದಲೂ ಉಳಿಗಳು ಕುಲುಮೆಯಿಂದಲೇ ಬಂದಿವೆ. ನನ್ನವನ್ನು ನಂಜನಗೂಡಿನ ಕಡೆಯ ಕಮ್ಮಾರರೊಬ್ಬರು ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿಕೊಟ್ಟರು. ಒಂದಕ್ಕೆ 450 ರೂಪಾಯಿ. ಹುಣಸೆ ಮರದ ಹಿಡಿಯನ್ನೂ ಅದೇ ಮರದ ಕೊಡತಿಯನ್ನೂ ನಾನೇ ಮಾಡಿಕೊಂಡೆ. ಹಿಡಿಯ ತಲೆ ಸೀಳದಂತೆ ಹಾಕಿದ ಬಳೆ ಹಳೆಯ ಕಬ್ಬಿಣದ ಪೈಪಿನದು.

ಕಷ್ಟವೇ ಬರಲಿಲ್ಲ ಎಂದು ನಾನು ಹೇಳುವುದಿಲ್ಲ. ಮುಕ್ಕಾಲು ಇಂಚಿನ ಉಳಿ ಎಣ್ಣೆಗೆ ಅದ್ದಿದ ಕೂಡಲೇ ಬಿರುಕು ಬಿಟ್ಟಿತು, ಅವರು ದುಡ್ಡು ತೆಗೆದುಕೊಳ್ಳದೆ ಇನ್ನೊಂದನ್ನು ಮಾಡಿಕೊಟ್ಟರು. ಅರ್ಧ ಇಂಚಿನದನ್ನು ಸಾಣೆಯಂತ್ರಕ್ಕೆ ಕೊಟ್ಟಾಗ ಅಲ್ಲಿನ ಹುಡುಗ ಒತ್ತಿ ಹಿಡಿದು ತುದಿಯನ್ನು ನೀಲಿಯಾಗಿಸಿದ. ನೀಲಿಗೆ ತಿರುಗಿದ ತುದಿಯಲ್ಲಿ ಹದ ಉಳಿಯುವುದಿಲ್ಲವಾದ್ದರಿಂದ ಅದನ್ನು ಮತ್ತೆ ಕುಲುಮೆಗೆ ಒಯ್ಯಬೇಕಾಯಿತು, ಹೋಗಿ ಬರುವ ಬಸ್ ಖರ್ಚು ಬೇರೆ. ಆದರೆ ಅಯಸ್ಕಾಂತ ಹಿಡಿಯದಷ್ಟು ಕೆಂಪಗೆ ಕಾಯಿಸಿ, ಎಣ್ಣೆಗೆ ಅದ್ದಿ, ಮೈ ಉಜ್ಜಿ ಬೆಳ್ಳಗಾಗಿಸಿ, ಮತ್ತೆ ಮೆಲ್ಲನೆ ಕಾಯಿಸುತ್ತಾ ಒಣಹುಲ್ಲಿನ ಹಳದಿ ತುದಿಗೆ ಹರಿದ ಕ್ಷಣದಲ್ಲಿ ತಡೆಯುವುದನ್ನು ಕಣ್ಣಾರೆ ನೋಡಿದವನಿಗೆ ತನ್ನ ಉಳಿಯೊಳಗೆ ಏನಿದೆ ಎಂಬುದು ಗೊತ್ತಿರುತ್ತದೆ. ಪೆಟ್ಟಿಗೆ ಬಿಚ್ಚಿ ಹತ್ತರಿ ತೆಗೆದವರಿಗೆ ಅದು ಗೊತ್ತಿರುವುದಿಲ್ಲ.

ಬೆಂಗಳೂರಿನಿಂದ:
ಕೈ ಉಪಕರಣದವರು ಯಂತ್ರದ ಮಾತು ಬಂದ ಕೂಡಲೇ ಮುಖ ಸಿಂಡರಿಸುತ್ತಾರೆ, ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಮರಳುವವನಿಗೆ ಭಾನುವಾರ ಮಾತ್ರ ಸಿಗುತ್ತದೆ. ಆ ಭಾನುವಾರವನ್ನು ಹಲಗೆ ಸಮಮಾಡುವುದರಲ್ಲೇ ಕಳೆಯಲು ಆಗುವುದಿಲ್ಲ. ನಾನು ಮೊದಲು ಕೊಂಡ ಟೇಬಲ್ ಗರಗಸಕ್ಕೆ 26,000 ರೂಪಾಯಿ. ಹಲಗೆಯನ್ನು ನೇರ ನಡೆಸುವ ಅದರ ಮಾರ್ಗಪಟ್ಟಿ, ಅಂದರೆ ಫೆನ್ಸ್, ಬಿಗಿ ಮಾಡಿದಾಗಲೆಲ್ಲ ಹಿಂದಿನ ತುದಿಯಲ್ಲಿ ಅಲಗಿನ ಕಡೆಗೆ ವಾಲುತ್ತಿತ್ತು. ಹಾಗೆ ವಾಲಿದ ಪಟ್ಟಿ ಹಲಗೆಯನ್ನು ಅಲಗಿಗೆ ಒತ್ತುತ್ತದೆ. ಒಂದು ಸಂಜೆ ಸಿಲ್ವರ್ ಓಕ್ ಹಲಗೆ ಹಿಂದಕ್ಕೆ ಚಿಮ್ಮಿ ನನ್ನ ಹೊಟ್ಟೆಗೆ ಬಡಿಯಿತು. ಎಕ್ಸ್‌ರೇ, ಔಷಧಿ, ರಜೆಯಲ್ಲಿ ಹೋದ ಸಂಬಳ ಎಲ್ಲ ಸೇರಿ 9,000 ದಾಟಿತು. ಅಂಗಡಿಯವರು ಯಂತ್ರವನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಈಗಿರುವ ಯಂತ್ರಕ್ಕೆ 61,000, ಅರವತ್ತು ಹಲ್ಲಿನ ಕಾರ್ಬೈಡ್ ಅಲಗಿಗೆ 2,900, ಧೂಳು ಎಳೆಯುವ ಯಂತ್ರಕ್ಕೆ 16,500, ಅಕ್ಕಪಕ್ಕದವರಿಗೆ ಸದ್ದು ಕೇಳದಂತೆ ಬಾಗಿಲಿಗೆ ಹಾಕಿಸಿದ ಹೊದಿಕೆಗೆ 7,200. ಅಲಗಿನ ಹಿಂದೆ ಸೀಳನ್ನು ಬಿಡಿಸಿ ಹಿಡಿಯುವ ತೆಳು ತಗಡು ಇಲ್ಲದ ಯಂತ್ರವನ್ನು ನಾನಿನ್ನು ಮುಟ್ಟುವುದಿಲ್ಲ. ಫೆನ್ಸಿನ ಸನ್ನೆ ಒತ್ತಿದಾಗ ಅದು ಎರಡೂ ತುದಿಯಲ್ಲಿ ಒಟ್ಟಿಗೇ ಕಚ್ಚಿಕೊಳ್ಳುತ್ತದೆ. ಕತ್ತರಿಸಿದ ಎರಡು ಅಂಚುಗಳನ್ನು ಜೋಡಿಸಿ ಬೆಳಕಿಗೆ ಹಿಡಿದರೆ ನಡುವೆ ಗೆರೆ ಕಾಣುವುದಿಲ್ಲ. ಇದೂ ಸುಖವೇ. ಕುಲುಮೆಯದಕ್ಕಿಂತ ಇದು ಕಡಿಮೆಯದು ಎಂದು ಯಾರೂ ನನಗೆ ಹೇಳಬೇಕಾಗಿಲ್ಲ.

ಸಾಗರದಿಂದ:
ಮೈಸೂರಿನವರೇ, ನಿಮ್ಮ ಮನೆತನದ ಕೆಲಸದ ಮೇಲೆ ನನಗೆ ಗೌರವವಿದೆ. ಆದರೆ ಸ್ಪ್ರಿಂಗ್ ಪಟ್ಟಿಯ ಉಕ್ಕು ಬಾಗಿ ಮತ್ತೆ ಏಳಲೆಂದು ಮಾಡಿದ್ದು. ಅದರಲ್ಲಿ ಇಂಗಾಲ ಸುಮಾರು ಶೇಕಡಾ 0.5ರಿಂದ 0.6ರಷ್ಟು ಮಾತ್ರ ಇರುತ್ತದೆ. ಒಳ್ಳೆಯ ಅಲಗಿನ ಉಕ್ಕಿನಲ್ಲಿ ಅದು ಶೇಕಡಾ ಒಂದರ ಆಸುಪಾಸಿನಲ್ಲಿರುತ್ತದೆ. ಜೊತೆಗೆ ಸಾವಿರಾರು ಕಿಲೋಮೀಟರ್ ಓಡಿದ ಲಾರಿಯ ಪಟ್ಟಿಯೊಳಗೆ ಕಣ್ಣಿಗೆ ಕಾಣದ ಬಿರುಕುಗಳಿರಬಹುದು. ನಿಮ್ಮ ಮುಕ್ಕಾಲು ಇಂಚಿನ ಉಳಿ ಎಣ್ಣೆಯಲ್ಲಿ ಸೀಳಲು ಅದೇ ಕಾರಣವಿರಬಹುದು.

ಮೈಸೂರಿನಿಂದ:
ಉಳಿ ಕೊಡತಿಯ ಪೆಟ್ಟು ತಿನ್ನುವ ಉಪಕರಣ, ಹತ್ತರಿ ತಿನ್ನುವುದಿಲ್ಲ. ಪೆಟ್ಟು ತಾಳಲು ಗಡಸುತನದಷ್ಟೇ ಮುರಿಯದೆ ನಿಲ್ಲುವ ಜಿಗುಟುತನವೂ ಬೇಕು. ತೊಟ್ಟಿಲಿನ ಕಾಲಿನಲ್ಲಿ ತೂತು ತೆಗೆದು ಅಡ್ಡಪಟ್ಟಿಯ ನಾಲಗೆಯನ್ನು ಕೂರಿಸುವಾಗ ಉಳಿಯನ್ನು ಸನ್ನೆಯಂತೆ ಮೀಟಬೇಕಾಗುತ್ತದೆ, ಅತಿ ಗಡಸಾದ ತುದಿ ಅಲ್ಲಿ ಚಕ್ಕೆ ಏಳುತ್ತದೆ. ಇನ್ನು ತೇಗದ ಮಾತು. ತೇಗದ ನಾರಿನಲ್ಲಿ ಮರಳಿನ ಅಂಶವಿದೆ, ಅದು ಯಾರ ಅಲಗನ್ನೂ ಉಳಿಸುವುದಿಲ್ಲ. ಅಂಚನ್ನು 25 ಡಿಗ್ರಿಗೆ ಸವೆಸಿ ತುದಿಯನ್ನು ಮಾತ್ರ 30 ಡಿಗ್ರಿಗೆ ಎತ್ತಿ, ಹಿಂಬದಿಯಲ್ಲಿ ಉಗುರಿಗೆ ತಾಗುವ ಸಣ್ಣ ಸುರುಳಿ ಉದುರುವವರೆಗೆ ಎಣ್ಣೆಕಲ್ಲಿನ ಮೇಲೆ ಉಜ್ಜಲು ಬಂದವನಿಗೆ 450ರ ಉಳಿಯೂ ಅಷ್ಟೇ ಸುಖ ಕೊಡುತ್ತದೆ. ಉಪಕರಣ ಒಳ್ಳೆಯದಾಗುವುದು ಸಾಣೆಯ ಮೇಲೆ.

ಧಾರವಾಡದಿಂದ:
ಎಲ್ಲರೂ ಉಳಿ, ಹತ್ತರಿ ಎನ್ನುತ್ತಿದ್ದೀರಿ, ಕೈಗರಗಸವನ್ನು ಒಬ್ಬರೂ ಹೆಸರಿಸಿಲ್ಲ. ನಾನು ಮೊದಲು ಗರಗಸ ಕೊಳ್ಳಲು ಹೋದಾಗ ಅಂಗಡಿಯವರು ಅದನ್ನು ನನ್ನ ಯಜಮಾನರ ಕೈಗೆ ಕೊಟ್ಟು ಅವರಿಗೆ ವಿವರಿಸಿದರು. ಅವರಿಗೆ ಮೊಳೆ ಹೊಡೆಯಲೂ ಬರುವುದಿಲ್ಲ. ಆ ಗರಗಸ 380 ರೂಪಾಯಿಯದು. ಹಲ್ಲುಗಳ ಓರೆ ಒಂದು ಪಕ್ಕಕ್ಕೆ ಹೆಚ್ಚಿದ್ದು, ಗೆರೆ ಬಿಟ್ಟು ಎಡಕ್ಕೇ ಹೋಗುತ್ತಿತ್ತು. ಅದರಿಂದ ಹಾಳಾದ ಹಲಸಿನ ಹಲಗೆಯ ಬೆಲೆಯೇ 2,100 ರೂಪಾಯಿ.

ಈಗ ಜಪಾನಿನ ಎಳೆಯುವ ಗರಗಸ ಬಳಸುತ್ತಿದ್ದೇನೆ, 3,400 ರೂಪಾಯಿ. ನಮ್ಮ ಗರಗಸ ತಳ್ಳುವಾಗ ಕೊಯ್ಯುತ್ತದೆ. ತಳ್ಳಿದಾಗ ಬಾಗಬಾರದೆಂದು ಅದರ ತಗಡು ದಪ್ಪಗಿರಬೇಕು. ಎಳೆಯುವಾಗ ತಗಡು ತಾನಾಗಿ ನೇರ ನಿಲ್ಲುವುದರಿಂದ ತೆಳ್ಳಗಿದ್ದರೂ ಸಾಕು, ಹಾಗಾಗಿ ಹೊಟ್ಟಾಗಿ ಹೋಗುವ ಮರವೂ ಕಡಿಮೆ, ಬೇಕಾಗುವ ಬಲವೂ ಕಡಿಮೆ. ಪೆನ್ಸಿಲಿನ ಗೆರೆಯ ಅರ್ಧವನ್ನು ಹಲಗೆಯಲ್ಲೇ ಉಳಿಸಿ ಕೊಯ್ಯಬಲ್ಲೆ. ಉಳಿಗಳು ಚೆಕ್ ದೇಶದ ನಾರೆಕ್ಸ್, ಅವುಗಳ ಬಗ್ಗೆ ನನಗೆ ಯಾವ ದೂರೂ ಇಲ್ಲ.

ಮೈಸೂರಿನಿಂದ:
ತಾಯಿ, ಆ ಗರಗಸದ ಹಲ್ಲು ಮೊಂಡಾದರೆ ಏನು ಮಾಡುತ್ತೀರಿ? ಅಂತಹ ಹಲವು ಗರಗಸಗಳಲ್ಲಿ ಹಲ್ಲಿನ ತುದಿಯನ್ನು ಅರ ಹಿಡಿಯದಷ್ಟು ಗಡಸು ಮಾಡಿರುತ್ತಾರೆ. ಮೂರು ಮೂಲೆಯ ಅರವೊಂದಿದ್ದರೆ ನನ್ನ ಗರಗಸವನ್ನು ನಾನೇ ಹರಿತ ಮಾಡಿಕೊಳ್ಳುತ್ತೇನೆ.

ಧಾರವಾಡದಿಂದ:
ತಗಡನ್ನೇ ಬದಲಿಸುತ್ತೇನೆ, 1,600 ರೂಪಾಯಿ. ಹರಿತ ಮಾಡುವವರನ್ನು ಹುಡುಕಿಕೊಂಡು ಮಾರುಕಟ್ಟೆಯಲ್ಲಿ ಅಲೆದು, "ಯಾರಿಗಮ್ಮಾ ಇದು?" ಎಂಬ ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ಅದು ನನಗೆ ಲೇಸು. ಅರ ಹಾಕುವುದನ್ನು ನಿಮಗೆ ಮನೆಯಲ್ಲಿ ಕಲಿಸಿದ್ದಾರೆ, ನನಗೆ ಯಾರೂ ಕಲಿಸಲಿಲ್ಲ.

ಮಂಗಳೂರಿನಿಂದ:
ನೀವೆಲ್ಲ ಕೊಳ್ಳುವುದನ್ನು ಮಾತ್ರ ಹೇಳುತ್ತಿದ್ದೀರಿ, ಉಳಿಸಿಕೊಳ್ಳುವುದನ್ನು ಹೇಳುತ್ತಿಲ್ಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪಕರಣವನ್ನು ಒಂದು ರಾತ್ರಿ ಬೆಂಚಿನ ಮೇಲೆ ಬಿಟ್ಟರೆ ಬೆಳಿಗ್ಗೆಗೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಎದ್ದಿರುತ್ತದೆ. 18,000 ರೂಪಾಯಿಯ ಹತ್ತರಿಯ ತಳದಲ್ಲಿ ತುಕ್ಕು ಕೊರೆದ ಚುಕ್ಕಿಗಳು ನನ್ನಲ್ಲಿವೆ. ಅಂದಿನಿಂದ ಕೆಲಸ ಮುಗಿದ ಕೂಡಲೇ ಕೊಬ್ಬರಿ ಎಣ್ಣೆಯ ಬಟ್ಟೆಯಿಂದ ಒರೆಸಿ, ಮುಚ್ಚಳ ಬಿಗಿಯಾಗಿ ಕೂರುವ ಪೆಟ್ಟಿಗೆಯಲ್ಲಿಡುತ್ತೇನೆ.

ಸಾಗರದಿಂದ:
ದಯವಿಟ್ಟು ಕೊಬ್ಬರಿ ಎಣ್ಣೆಯನ್ನು ಯಾರಿಗೂ ಹೇಳಿಕೊಡಬೇಡಿ. ನಮ್ಮಲ್ಲಿಯೂ ಮಳೆಗೆ ಕೊರತೆಯಿಲ್ಲ. ಆ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಹಳಸಿದರೆ ಅದರಲ್ಲಿ ಆಮ್ಲದ ಅಂಶ ಹೆಚ್ಚುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಹಳಸುವುದಿಲ್ಲ.

ಮಂಗಳೂರಿನಿಂದ:
ವರ್ಷಗಟ್ಟಲೆ ಒರೆಸದೆ ಬಿಟ್ಟರೆ ತಾನೇ ಹಳಸುವುದು? ನಾನು ದಿನವೂ ಒರೆಸುತ್ತೇನೆ. ಮಂಗಳೂರಿನ ಸೆಕೆಯಲ್ಲಿ ಎಣ್ಣೆ ಹೆಪ್ಪುಗಟ್ಟುತ್ತದೆ ಎಂದು ಹೇಳುವವರು ಇಲ್ಲಿಗೆ ಒಮ್ಮೆ ಬಂದು ನೋಡಬೇಕು. 35,000 ಕೊಟ್ಟವರಿಗೆ ಉಳಿದವರದೆಲ್ಲ ತಪ್ಪಾಗಿ ಕಾಣುವುದು ಒಳ್ಳೆಯದಲ್ಲ.

ದಾವಣಗೆರೆಯಿಂದ:
ಎಲ್ಲರಿಗೂ ಕೃತಜ್ಞತೆಗಳು. ನನ್ನ 40,000 ರೂಪಾಯಿಯನ್ನು ಹೇಗೆ ಹಂಚಲಿ ಎಂಬುದನ್ನು ಯಾರಾದರೂ ಹೇಳಿದರೆ ಉಪಕಾರವಾಗುತ್ತದೆ. ಮರ ಹಳೆಯ ಬಾಗಿಲುವಾಡದ್ದು, ಮೊದಲು ತೊಟ್ಟಿಲು ಆಗಬೇಕು.

ಬೆಂಗಳೂರಿನಿಂದ:
ಹಳೆಯ ಬಾಗಿಲುವಾಡ ಎಂಬುದನ್ನು ನಾನು ಈಗ ಗಮನಿಸಿದೆ. ಹಾಗಿದ್ದರೆ ಹಣ ಹಂಚುವ ಮೊದಲು ಮೊಳೆಗಳನ್ನು ನೋಡಿ. ತಲೆ ತುಂಡಾಗಿ ಒಳಗೇ ಉಳಿದ ಒಂದು ಮೊಳೆಯಿಂದ ನನ್ನ ಅಲಗಿನ ನಾಲ್ಕು ಕಾರ್ಬೈಡ್ ಹಲ್ಲುಗಳು ಹಾರಿಹೋದವು, ಮತ್ತೆ ಕೂರಿಸಲು 1,100 ಕೊಟ್ಟೆ.

ಧಾರವಾಡದಿಂದ:
ಬಲವಾದ ಸಣ್ಣ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಹಲಗೆಯ ಮೈಮೇಲೆಲ್ಲ ಆಡಿಸಿ. ಮೇಲ್ಮೈಗೆ ಹತ್ತಿರ ಮೊಳೆಯಿರುವಲ್ಲಿ ಅದು ಸೆಳೆಯುತ್ತದೆ. ನಾನು ಹಳೆಯ ಮರವನ್ನು ಹೀಗೆ ನೋಡದೆ ಗರಗಸ ಇಡುವುದಿಲ್ಲ.

ಸಾಗರದಿಂದ:
ಹಳೆಯ ಬಾಗಿಲುಗಳ ತಿರುಪುಗಳು ಎಷ್ಟೋ ಕಡೆ ಪಿತ್ತಳೆಯವು. ಪಿತ್ತಳೆಯನ್ನು ಅಯಸ್ಕಾಂತ ಹಿಡಿಯುವುದಿಲ್ಲ. ಬಿಜಾಗರಿಯ ಮತ್ತು ಚಿಲಕದ ಜಾಗಗಳನ್ನು ಕಣ್ಣಿನಿಂದಲೇ ಹುಡುಕಬೇಕು.

ಮೈಸೂರಿನಿಂದ:
ಪಿತ್ತಳೆ ಮೆದು, ಅದು ನನ್ನ ಉಳಿಯನ್ನು ಏನೂ ಮಾಡಿಲ್ಲ. ನಿಮ್ಮ ಗಡಸು ಅಲಗಿಗೆ ತಾಗಿದರೆ ಏನಾಗುತ್ತದೆ ಎಂಬುದನ್ನು ನೀವೇ ತಿಳಿಸಿ. ದಾವಣಗೆರೆಯವರೇ, ಬಿಜಾಗರಿ ಇದ್ದ ತುದಿಗಳನ್ನು ಅರ್ಧ ಅಡಿಯಷ್ಟು ಕತ್ತರಿಸಿ ಬಿಟ್ಟುಬಿಡಿ, ತೊಟ್ಟಿಲಿಗೆ ಅಷ್ಟು ಉದ್ದ ಬೇಕಾಗುವುದಿಲ್ಲ. ಒಂದು ಇಂಚಿನ, ಅರ್ಧ ಇಂಚಿನ, ಕಾಲು ಇಂಚಿನ ಮೂರು ಉಳಿಗಳು ಮತ್ತು ಒಂದು ಒಳ್ಳೆಯ ಸಾಣೆಕಲ್ಲು ಮೊದಲು ಬರಲಿ. ಕಲ್ಲಿನ ವಿಷಯದಲ್ಲಿ ಜಿಪುಣತನ ಬೇಡ.

ಸಾಗರದಿಂದ:
ಕಲ್ಲಿನ ಮಾತನ್ನು ಒಪ್ಪುತ್ತೇನೆ. ಆದರೆ ಎಣ್ಣೆಕಲ್ಲು ಬೇಡ, ಸಾವಿರ ಮತ್ತು ಆರು ಸಾವಿರ ಗ್ರಿಟ್ಟಿನ (ಕಲ್ಲಿನ ನಯವನ್ನು ತಿಳಿಸುವ ಅಂಕ) ನೀರುಕಲ್ಲುಗಳನ್ನು ತೆಗೆದುಕೊಳ್ಳಿ.

ಮೈಸೂರಿನಿಂದ:
ನೀರುಕಲ್ಲು ಬೇಗ ತಗ್ಗು ಬೀಳುತ್ತದೆ. ಅದನ್ನು ಸಮ ಮಾಡಲು ಮತ್ತೆ ನಿಮ್ಮ 650 ರೂಪಾಯಿಯ ಗಾಜು ಬೇಕಾಗುತ್ತದೆ ಎಂಬುದನ್ನೂ ಅವರಿಗೆ ಹೇಳಿ.