ಬೋಯಿಂಗ್ 747 ವಿಮಾನ ಸ್ಪಿನ್‌ದಿಂದ ಹೊರಗ ಬರವಲ್ದು, ಯಾರರ ಹೇಳ್ರಿ

ಕೋಥರೂಡ್_ಪೈಲಟ್: ಸಾಕಾಗೇತ್ರಿ. ಕಂಪ್ಯೂಟರ್ ಮ್ಯಾಗಿನ ವಿಮಾನ ಸಿಮ್ಯುಲೇಟರ್‌ದಾಗ ಮುಂಬೈದಿಂದ ಎದ್ದು 41,000 ಅಡಿಗೆ ಹೋಗಿ ಬಲಗಡೆ ಹೊರಗಿನ ಎಂಜಿನ್ ಬಂದ್ ಮಾಡ್ತೀನಿ, ಸ್ವಲ್ಪ ಹೊತ್ತು ಸುಮ್ನಿರ್ತೈತಿ, ಆಮ್ಯಾಲ ಬಲಕ್ಕ ವಾಲಿ ಗಿರಗಿರ ತಿರುಗಿಕೋತ ಕೆಳಗ. ಎದುರು ರಡ್ಡರ್ (ಮೂತಿ ಎಡಕ್ಕ-ಬಲಕ್ಕ ತಿರುಗಿಸೋ ಬಾಲದ ಪಟ್ಟಿ) ಪೂರ್ತಿ ಒತ್ತಿ ಸ್ಟಿಕ್ ಮುಂದ ದೂಡಿದ್ರ ಇನ್ನೂ ಜೋರು. ಜಗ್ಗಿದ್ರೂ ಅಷ್ಟ. ಬಗ್ ಐತೇನು?

ಠಾಣೆ_ಥ್ರಾಟಲ್: ಜಾಯ್‌ಸ್ಟಿಕ್ ಕ್ಯಾಲಿಬ್ರೇಟ್ ಮಾಡಿ ಮೊದ್ಲು. ಟ್ವಿಸ್ಟ್ ರಡ್ಡರ್, ಅಂದ್ರೆ ಸ್ಟಿಕ್ ತಿರುಚಿದ್ರೆ ರಡ್ಡರ್ ಆಡೋದು, ಅಲ್ವಾ? ಒಳಗೆ ಧೂಳು ಕೂತ್ರೆ ಒಂದೇ ಕಡೆ ಎಳೆಯುತ್ತೆ. ಡೆಡ್‌ಝೋನ್ (ಸ್ಟಿಕ್ ಸ್ವಲ್ಪ ಅಲ್ಲಾಡಿದ್ರೂ ಲೆಕ್ಕಕ್ಕೆ ಬರದ ಜಾಗ) ಎಷ್ಟಿದೆ?

ಕೋಥರೂಡ್_ಪೈಲಟ್: ಬರೋಬ್ಬರಿ ಐತ್ರಿ. ಸೆಸ್ನಾದಾಗ ಏನೂ ತ್ರಾಸಿಲ್ಲ.

ಠಾಣೆ_ಥ್ರಾಟಲ್: ಸೆಸ್ನಾದಲ್ಲಿ ಗೊತ್ತಾಗಲ್ಲ. ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೀರಿ.

ಮಾಟುಂಗಾ_ಮಾಮ: ಜಾಯ್‌ಸ್ಟಿಕ್ ಬಿಡಿ ಸ್ವಾಮಿ. ಬೀಳುವಾಗ ಸ್ಪೀಡ್ ಎಷ್ಟು? ಆಟೋಪೈಲಟ್ ಆನ್ ಇತ್ತಾ?

ಕೋಥರೂಡ್_ಪೈಲಟ್: ಆನ್ ಇರ್ತೈತಿ, ಅದ ಹಿಡೀಬೇಕಲ್ರಿ. ಸ್ಪೀಡ್ ಮೊದ್ಲ ಇಳೀತೈತಿ, ಆಮ್ಯಾಲ ಏರ್ಕೋತ ಹೋಗಿ ಓವರ್‌ಸ್ಪೀಡ್ ಎಚ್ಚರಿಕೆ ಕಟಕಟ ಅಂತೈತಿ.

ಮಾಟುಂಗಾ_ಮಾಮ: ಹಂಗಾದ್ರೆ ಸ್ಪಿನ್ನೇ ಅಲ್ಲ, ಸ್ಪೈರಲ್ ಡೈವ್, ಅಂದ್ರೆ ವಾಲಿ ಸುತ್ತುತ್ತಾ ಸ್ಪೀಡ್ ಏರಿಸ್ಕೊಂಡು ಇಳಿಯೋದು. ಸ್ಪಿನ್‌ನಲ್ಲಿ ರೆಕ್ಕೆ ಸ್ಟಾಲ್ ಆಗಿರುತ್ತೆ (ಎತ್ತೋ ಶಕ್ತಿ ಕಳ್ಕೊಂಡಿರುತ್ತೆ), ಸ್ಪೀಡ್ ಕಮ್ಮೀಲೇ ಇರುತ್ತೆ. 1985ರ ಫೆಬ್ರವರಿ 19ಕ್ಕೆ ಚೈನಾ ಏರ್‌ಲೈನ್ಸ್ 006ಕ್ಕೆ ಆಗಿದ್ದೂ ಇದೇ, 747ಎಸ್‌ಪಿ, 41,000 ಅಡಿ, 4ನೇ ಎಂಜಿನ್ (ಬಲಗಡೆ ಹೊರಗಿಂದು) ಹೋಯ್ತು, ಆಟೋಪೈಲಟ್ ರಡ್ಡರ್ ಮುಟ್ಟಲ್ಲ, ಕಂಟ್ರೋಲ್ ವ್ಹೀಲ್ (ಸ್ಟೀರಿಂಗ್) ತಿರುಗಿಸ್ಕೊಂಡೇ ತಡೀತಿತ್ತು, ಸ್ಪೀಡ್ ಇಳೀತಾ ಇಳೀತಾ ಕೊನೆಗೆ ಬಲಕ್ಕೆ ಉರುಳ್ಕೊಂಡ್ತು. ಮೋಡದಿಂದ ಹೊರಗೆ ಬಂದು ದಿಗಂತ ಕಂಡ ಮೇಲೆ 9,500 ಅಡಿ ಹತ್ರ ಉಳಿಸ್ಕೊಂಡ್ರು. ನೀವು ಆಟೋಪೈಲಟ್ ತೆಗೀರಿ, ಥ್ರಾಟಲ್ ಐಡಲ್, ಮೊದ್ಲು ರೆಕ್ಕೆ ಸಮ ಮಾಡಿ, ಆಮೇಲೆ ಮೆಲ್ಲಗೆ ಎತ್ತಿ, 2.5 ಜಿ (ಗುರುತ್ವದ ಎರಡೂವರೆ ಪಟ್ಟು ಒತ್ತಡ) ದಾಟಿಸ್ಬೇಡಿ. ವಾಲಿದಾಗಲೇ ಜಗ್ಗಿದ್ರೆ ಸುತ್ತು ಬಿಗಿಯಾಗುತ್ತೆ.

ಮಡಗಾಂವ್_ಭಟ್: 1955ರಲ್ಲಿ ಬೋಯಿಂಗ್ ಟೆಸ್ಟ್ ಪೈಲಟ್ ಟೆಕ್ಸ್ ಜಾನ್‌ಸ್ಟನ್ ಸಿಯಾಟಲ್‌ನಲ್ಲಿ 707ನ್ನೇ ಬ್ಯಾರಲ್ ರೋಲ್ (ಗಾಳಿಯಲ್ಲೇ ಒಂದು ಪೂರ್ತಿ ಉರುಳು) ಮಾಡಿದ್ರು ಮಾರಾಯ್ರೆ, ಏನೂ ಆಗ್ಲಿಲ್ಲ. ದೊಡ್ಡ ಜೆಟ್ ತಡ್ಕೊಳ್ತದೆ.

ಮಾಟುಂಗಾ_ಮಾಮ: 707 ಅಲ್ಲ, ಡ್ಯಾಶ್ 80. ಅದು 1 ಜಿ ಆಸುಪಾಸು ಹಿಡಿದು ಬೇಕಂತಲೇ ಮಾಡಿದ್ದು. 1978ರ ಜನವರಿ 1ಕ್ಕೆ ಇಲ್ಲೇ ಬಾಂದ್ರಾ ಆಚೆ ಏರ್ ಇಂಡಿಯಾ 855, ಅದೂ 747. ರಾತ್ರಿ, ಕ್ಯಾಪ್ಟನ್ ಕಡೆಯ ಹೊರೈಜನ್ (ವಿಮಾನ ಎಷ್ಟು ವಾಲಿದೆ ಅಂತ ತೋರಿಸೋ ಮೀಟರ್) ಕೆಟ್ಟು ಬಲಕ್ಕೆ ವಾಲಿದಂಗೆ ತೋರಿಸ್ತಿತ್ತು, ಅವರು ಎಡಕ್ಕೆ ತಿರುಗಿಸ್ತಾನೇ ಹೋದ್ರು. 213 ಜನ ಹೋದ್ರು. ತಡ್ಕೊಳ್ತದೆ ಅಂತ ಹೇಳ್ಬೇಡಿ.

ಮಡಗಾಂವ್_ಭಟ್: ಡ್ಯಾಶ್ 80 ಅಂದ್ರೆ 707ರ ಪ್ರೋಟೊಟೈಪೇ ಅಲ್ವಾ, ವ್ಯತ್ಯಾಸ ಎಂಥದ್ದು?

ಮಾಟುಂಗಾ_ಮಾಮ: ಬಾಡಿ ಅಗಲನೇ ಬೇರೆ ರೀ, 707 ಜಾಸ್ತಿ ಅಗಲ.

ಠಾಣೆ_ಥ್ರಾಟಲ್: ಏನೇ ಅನ್ನಿ, ಟ್ವಿಸ್ಟ್ ಸ್ಟಿಕ್‌ನಲ್ಲಿ 747 ಆಗಲ್ಲ. ನಂದು ಮೆಟಲ್ ಪೆಡಲ್, ಯೋಕ್ (ವಿಮಾನದ ಸ್ಟೀರಿಂಗ್), ಮೂರು ಮಾನಿಟರ್, ಒಂಚೂರೂ ಅಲ್ಲಾಡಲ್ಲ.

ಕೋಥರೂಡ್_ಪೈಲಟ್: ರೆಕ್ಕೆ ಸಮ ಮಾಡಿದ್ ಕೂಡ್ಲೆ ಎದ್ದು ಬಂತ್ರಿ ಮಾಮಾ! ಆದ್ರ ಎಂಜಿನ್ ಹೋದಾಗ ರಡ್ಡರ್ ಟ್ರಿಮ್ (ಒತ್ತಿ ಹಿಡೀದನ ರಡ್ಡರ್ ಒಂದ ಕಡೆ ನಿಲ್ಲಿಸೋದು) ಎಷ್ಟ ಕೊಡ್ಬೇಕು?

ಮಡಗಾಂವ್_ಭಟ್: ಥ್ರಾಟಲ್ ಅವ್ರೆ, ಪೆಡಲ್ ಎಲ್ಲಿ ತಗೊಂಡ್ರಿ? ಗೋವಾಕ್ಕೆ ಕೊರಿಯರ್ ಮಾಡ್ತಾರಾ?